ಎಂಬತ್ತೊಂದರ ರೂಪಾಯಿಗೆ ಎಪ್ಪತ್ತು ಪೈಸೆ

ಚಾಮರಾಜಪೇಟೆಯ ನಮ್ಮ ಆಡಿಟರ್ ಕಚೇರಿಯ ಮೆಟ್ಟಿಲು ಹತ್ತಿ ಒಂದು ಮಧ್ಯಾಹ್ನ ಇಬ್ಬರು ಹೆಂಗಸರು ಬಂದರು. ಮುಂದಿದ್ದವರು ಇಳಕಲ್ ಸೀರೆ ಉಟ್ಟು, ಬಿಳಿ ಕೂದಲನ್ನು ಗಂಟು ಹಾಕಿಕೊಂಡಿದ್ದ, ಬಾಗಿಲಿನಷ್ಟು ಎತ್ತರದ ಜರ್ಮನಿಯ ಹೆಂಗಸು. ಅರವತ್ತು ದಾಟಿದ್ದವರು. ಹಿಂದಿದ್ದವರು ಅವರ ಭುಜಕ್ಕೂ ಬಾರದ, ಗುಂಡಗಿನ, ಏದುಸಿರು ಬಿಡುತ್ತಿದ್ದ ನಮ್ಮ ಬಸವನಗುಡಿಯವರೇ. ನಾನು ಗಡಿಬಿಡಿಯಿಂದ ಎದ್ದು ನನ್ನ ಹರಕು ಇಂಗ್ಲಿಷಿನಲ್ಲಿ ಕೂತುಕೊಳ್ಳಿ ಅಂದೆ.

"ಕೂತ್ಕೋತೀನಿ ಕಣೇ," ಅಂದರು ಜರ್ಮನಿಯಾಕೆ. "ನಿನ್ನ ಮುಖ ಯಾಕೆ ಹೀಗೆ ಬಾಡಿದೆ? ಊಟ ಆಯ್ತೋ ಇಲ್ವೋ?"

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಗುರುತು ಪರಿಚಯ ಇಲ್ಲದವರು ಹೀಗೆ ಏಕವಚನದಲ್ಲಿ ಮಾತಾಡಿಸಿದ್ದರೆ ಆವತ್ತೇ ರಂಪ ಆಗುತ್ತಿತ್ತು. ಆದರೆ ಅದು ನಮ್ಮಜ್ಜಿ ಮಾತಾಡುತ್ತಿದ್ದ ಕನ್ನಡ, ಅದೇ ರಾಗ, ಅದೇ ಗದರಿಕೆ. ಊಟ ಆಗಿರಲಿಲ್ಲ ಅಂತ ಒಪ್ಪಿಕೊಂಡೆ. ಅವರು ಚೀಲದಿಂದ ಡಬ್ಬಿ ತೆಗೆದು ಎರಡು ಕೋಡುಬಳೆ ನನ್ನ ಕೈಗಿಟ್ಟರು. ಆಮೇಲೆ ವ್ಯವಹಾರದ ಮಾತು ಶುರುವಾಯಿತು.

ಬಸವನಗುಡಿಯ ಹುಡುಗನೊಬ್ಬ ಓದಲು ಹೋಗಿ ಅಲ್ಲಿ ಮದುವೆಯಾಗಿ ಕರೆತಂದ ಸೊಸೆ ಈಕೆ. ಹತ್ತು ಹನ್ನೆರಡು ವರ್ಷ ಅತ್ತೆಯ ಕೈಕೆಳಗೆ ಸಂಸಾರ ಮಾಡಿದ್ದರು. ಕನ್ನಡ ಕಲಿತದ್ದು ಆ ಅಡುಗೆಮನೆಯಲ್ಲಿ. ಆಮೇಲೆ ಗಂಡನ ಕೆಲಸದ ಸಲುವಾಗಿ ಜರ್ಮನಿಗೇ ವಾಪಸ್ಸು ಹೋಗಿ ಅಲ್ಲೇ ನೆಲೆಸಿದರು. ಗಂಡ ತೀರಿಕೊಂಡು ಒಂದು ವರ್ಷವಾಗಿತ್ತು. ಜೊತೆಗೆ ಬಂದಿದ್ದವರು ಗಂಡನ ತಂಗಿ. ಐವತ್ತೈದರ ಆ ತಂಗಿ ಇವರಿಗೆ ಇನ್ನೂ "ಪುಟ್ಟಿ." ತಂಗಿಗೆ ಇವರು "ಅತ್ತಿಗೆ." ನಾನೂ ಹಾಗೇ ಕರೆಯತೊಡಗಿದೆ: ಅತ್ತಿಗೆ ಮತ್ತು ಪುಟ್ಟಮ್ಮನವರು.

ಬಸವನಗುಡಿಯ ಮನೆ ಇದ್ದದ್ದು ಅತ್ತಿಗೆಯ ಹೆಸರಿನಲ್ಲಿ. ಅರವತ್ತರ ದಶಕದಲ್ಲಿ ಕೊಂಡಾಗ ಅತ್ತೆಯೇ ಹಟ ಹಿಡಿದಿದ್ದರಂತೆ. "ಬೇರೆ ದೇಶದ ಮಗು. ಇಲ್ಲಿ ಅವಳದು ಅಂತ ಒಂದು ಚೂರು ನೆಲ ಇರ್ಲಿ. ನಾಳೆ ನೀನು ಜಗಳ ಆಡಿದ್ರೆ ಅವಳು ಎಲ್ಲಿಗೆ ಹೋಗ್ಬೇಕು?" ಅಂತ ಮಗನಿಗೇ ಹೇಳಿದ್ದರಂತೆ. ಈಗ ಆ ಮನೆಯ ಮುಂದಿನ ಹಜಾರದಲ್ಲಿ ಪುಟ್ಟಮ್ಮನವರು ಶಿಶುವಿಹಾರ ನಡೆಸುತ್ತಿದ್ದರು. ಹಿಂದಿನ ಕೋಣೆಯಲ್ಲಿ ಅವರ ವಾಸ.

ನಾನು ನೋಡಲು ಹೋದ ದಿನ ಮಕ್ಕಳೆಲ್ಲ ಚಾಪೆಯ ಮೇಲೆ ಕೂತು ಅ ಆ ಇ ಈ ಹಾಡುತ್ತಿದ್ದವು. ಅವುಗಳ ತಲೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಹಳೆಯ ನೂಲಿನ ಸೀರೆಗಳನ್ನು ಬಿಗಿಯಾಗಿ ಕಟ್ಟಿದ್ದರು. ಯಾವುದೋ ಹಬ್ಬದ ಅಲಂಕಾರ ಅಂದುಕೊಂಡೆ. ಅಷ್ಟರಲ್ಲಿ ಮೇಲಿನಿಂದ ಒಂದು ಹಿಡಿ ಗಾರೆ ಸೀರೆಯೊಳಗೆ ಬಿತ್ತು. ಒಂದು ಮಗುವೂ ತಲೆ ಎತ್ತಲಿಲ್ಲ.

"ತೊಲೆಗೆಲ್ಲ ಗೆದ್ದಲು," ಅಂದರು ಪುಟ್ಟಮ್ಮನವರು. "ಮದ್ರಾಸು ತಾರಸಿ ನೋಡಿ, ಮರದ ತೊಲೆ ಮೇಲೇ ಎಲ್ಲಾ ನಿಂತಿರೋದು. ರಿಪೇರಿ ಮಾಡ್ಸೋಕೆ ಹೋದ್ರೆ ಹೊಸ ಮನೇನೇ ಕಟ್ಬೋದು. ಈ ವರ್ಷ ಹೆಂಗೋ ತಳ್ತೀನಿ. ಜೂನಿಗೆ ಹೊಸ ಮಕ್ಕಳನ್ನ ಇಲ್ಲಿ ಕೂರಿಸಲ್ಲ. ಪ್ರಾಣ ಹೋದ್ರೂ ಕೂರಿಸಲ್ಲ."

ಅತ್ತಿಗೆ ಬಂದಿದ್ದೇ ಅದಕ್ಕೆ. ಈ ಮನೆ ಮಾರುವುದು, ಪುಟ್ಟಿಗೆ ಹತ್ತಿರದಲ್ಲೇ ಗಟ್ಟಿಯಾದ ಒಂದು ಸಣ್ಣ ಮನೆ ಕೊಡಿಸುವುದು. ಕೊಳ್ಳಲು ಒಬ್ಬ ಬಿಲ್ಡರ್ ಸಿಕ್ಕಿದ್ದ, ಮೂವತ್ತು ಲಕ್ಷಕ್ಕೆ. ಹನುಮಂತನಗರದಲ್ಲಿ ಅಂಗಳವಿದ್ದ ಒಂದು ಮನೆಯನ್ನೂ ನೋಡಿಟ್ಟಿದ್ದರು. ಅದರ ಮಾಲೀಕರು ಅಕ್ಕಿಪೇಟೆಯಲ್ಲಿ ಅಕ್ಕಿ ಮಂಡಿ ಇಟ್ಟವರು. ಬೆಲೆ ಇಪ್ಪತ್ತು, ರಿಜಿಸ್ಟ್ರೇಷನ್ ಖರ್ಚು ಸೇರಿ ಇಪ್ಪತ್ತೆರಡು ಲಕ್ಷ.

ಇಲ್ಲಿಂದ ನನ್ನ ಕೆಲಸ. ಪರದೇಶದಲ್ಲಿ ನೆಲೆಸಿದವರು ಇಲ್ಲಿ ಮನೆ ಮಾರಿದರೆ ಕೊಂಡವನು ಬೆಲೆಯಲ್ಲಿ ನೂರಕ್ಕೆ ಇಪ್ಪತ್ತನ್ನು ಹಿಡಿದು ಸರ್ಕಾರಕ್ಕೆ ಕಟ್ಟಿಬಿಡುತ್ತಾನೆ. ಮೊದಲೇ ಅರ್ಜಿ ಹಾಕಿ ಕಡಿಮೆ ಹಿಡಿಯುವಂತೆ ಸರ್ಟಿಫಿಕೇಟು ತರುವ ದಾರಿ ಇದ್ದರೂ ಅದಕ್ಕೆ ತಿಂಗಳುಗಟ್ಟಲೆ ಬೇಕು. ಬಿಲ್ಡರ್ ಕಾಯಲು ತಯಾರಿರಲಿಲ್ಲ. ಆದರೆ ನಿಜವಾದ ತೆರಿಗೆ, ಅದೇ ನೂರಕ್ಕೆ ಇಪ್ಪತ್ತು, ಇರುವುದು ಲಾಭದ ಮೇಲೆ ಮಾತ್ರ. ಹಳೆಯ ಮನೆಯಾದರೆ ಎಂಬತ್ತೊಂದನೇ ಇಸವಿಯ ಏಪ್ರಿಲ್ ಒಂದರಂದು ಅದರ ಬೆಲೆ ಎಷ್ಟಿತ್ತು ಅಂತ ತೋರಿಸಬೇಕು. ಆ ಬೆಲೆಯನ್ನು ಸರ್ಕಾರದ ಸೂಚ್ಯಂಕದ ಪ್ರಕಾರ ಏರಿಸಿ, ಆ ವರ್ಷ ಅದು ಸುಮಾರು ಮೂರೂವರೆ ಪಟ್ಟು, ಮಾರಿದ ಬೆಲೆಯಿಂದ ಕಳೆಯಬೇಕು. ಉಳಿದದ್ದು ಲಾಭ. ಜಾಸ್ತಿ ಹಿಡಿದ ತೆರಿಗೆ ವಾಪಸ್ಸು ಬರುತ್ತದೆ. ಎಂಬತ್ತೊಂದರ ಒಂದು ರೂಪಾಯಿ ಈಗ ಮೂರೂವರೆ; ಅದರಲ್ಲಿ ನೂರಕ್ಕೆ ಇಪ್ಪತ್ತು ಅಂದರೆ ಎಪ್ಪತ್ತು ಪೈಸೆ. ನಮ್ಮ ಯಜಮಾನರು, ಅಂದರೆ ನಾನು ಕೆಲಸ ಕಲಿತ ಆ ಕಚೇರಿಯ ಹಿರಿಯರು, ಇಷ್ಟನ್ನೂ ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ಎಂಬತ್ತೊಂದರ ರೂಪಾಯಿಗೆ ಎಪ್ಪತ್ತು ಪೈಸೆ ವಾಪಸ್ಸು ಕಣಮ್ಮಾ. ಆ ರೂಪಾಯಿ ಎಷ್ಟು ಅಂತ ಹುಡುಕು, ಮಿಕ್ಕಿದ್ದು ಬಾಯಿಲೆಕ್ಕ."

ಅತ್ತಿಗೆಯ ಮೂವತ್ತರಲ್ಲಿ ಆರು ಲಕ್ಷ ಸರ್ಕಾರಕ್ಕೆ ಹೋಗುತ್ತದೆ. ಗಂಡನ ಕಾಯಿಲೆಗೆ ಮಾಡಿದ್ದ ಸಾಲ ಐದು ಲಕ್ಷ ತೀರಿಸಬೇಕು. ಉಳಿಯುವುದು ಹತ್ತೊಂಬತ್ತು. ಬೇಕಾದದ್ದು ಇಪ್ಪತ್ತೆರಡು. ಅಕ್ಕಿಪೇಟೆಯ ಸಾಹುಕಾರರು ಕೊನೆಯ ಮೂರು ಲಕ್ಷಕ್ಕೆ ಮುಂದಿನ ವರ್ಷದ ಯುಗಾದಿಯವರೆಗೆ ಕಾಯಲು ಒಪ್ಪಿದ್ದರು. ಜೂನಿಗೆ ಮುಂಚೆ ಮನೆಯ ಬೀಗದ ಕೈಯನ್ನೂ ಕೊಡುತ್ತಾರೆ. ಯುಗಾದಿಗೆ ಮೂರು ಲಕ್ಷ ಬಾರದಿದ್ದರೆ ಮುಂಗಡದಲ್ಲಿ ಒಂದು ಲಕ್ಷ ಮುರಿದುಕೊಂಡು ಮನೆ ವಾಪಸ್ಸು. ಬಸವನಗುಡಿಯ ಮನೆ ಅಷ್ಟು ಹೊತ್ತಿಗೆ ನೆಲಸಮವಾಗಿರುತ್ತದೆ. ಪುಟ್ಟಮ್ಮನವರೂ ಅವರ ಮಕ್ಕಳೂ ಬೀದಿಗೆ.

"ಅದಕ್ಕೇ ಕೇಳ್ತಿದೀನಿ," ಅಂದರು ಅತ್ತಿಗೆ, ಕಚೇರಿಯಲ್ಲಿ ಯಜಮಾನರ ಮುಂದೆ ಕೂತು. "ವಾಪಸ್ಸು ಎಷ್ಟು ಬರತ್ತೆ? ಮೂರು ಬರತ್ತೋ ಇಲ್ವೋ?"

ಯಜಮಾನರು ಹೇಳಿದರು: "ಹೊಸ ಮನೇನ ನಿಮ್ಮ ಹೆಸರಲ್ಲೇ ತಗೊಳ್ಳಿ ಅಮ್ಮ. ಮನೆ ಮಾರಿ ಮನೆ ಕೊಂಡ್ರೆ ಆ ಲಾಭಕ್ಕೆ ತೆರಿಗೆ ಬಿಡ್ತಾರೆ. ಹಿಡಿದಿದ್ದರಲ್ಲಿ ಹೆಚ್ಚುಕಮ್ಮಿ ಎಲ್ಲಾ ವಾಪಸ್ಸು ಬರತ್ತೆ. ಚಿಂತೇನೇ ಇರಲ್ಲ."

"ಪುಟ್ಟಿ ಹೆಸರಲ್ಲಿ," ಅಂದರು ಅತ್ತಿಗೆ.

"ಹೆಸರು ಯಾರದ್ದಾದ್ರೇನು ಅತ್ತಿಗೆ? ನಾನೇನು ನಿಮ್ಮನ್ನ ನಂಬಲ್ವಾ?" ಅಂದರು ಪುಟ್ಟಮ್ಮನವರು.

"ನೀನು ನಂಬ್ತೀಯಾ. ನಾನು ಸತ್ತ ಮೇಲೆ ಯಾವ ಆಫೀಸು ನಂಬತ್ತೆ? ಅತ್ತೆ ನಂಗೆ ಮಾಡಿದ್ದನ್ನೇ ನಾನು ನಿಂಗೆ ಮಾಡ್ತೀನಿ. ಬಾಯಿ ಮುಚ್ಚು."

ಆ ದಾರಿ ಅಲ್ಲಿಗೆ ಮುಚ್ಚಿತು.

ಮಾರನೆಯ ದಿನದಿಂದ ನಾನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅಲೆಯತೊಡಗಿದೆ. ಎಂಬತ್ತು ಎಂಬತ್ತೊಂದರಲ್ಲಿ ಅದೇ ರಸ್ತೆಯಲ್ಲಿ ಮಾರಾಟವಾದ ಮನೆಗಳ ಕ್ರಯಪತ್ರಗಳ ನಕಲು ತೆಗೆಸಬೇಕಿತ್ತು. ಅರ್ಜಿ ಕೊಡುವುದು ಒಂದು ಕಿಟಕಿ, ಹಣ ಕಟ್ಟುವುದು ಇನ್ನೊಂದು, ದಪ್ಪ ಬೈಂಡಿನ ಸೂಚಿಗಳನ್ನು ಇಟ್ಟಿದ್ದು ಮತ್ತೊಂದು ಕೋಣೆ. ಪುಟ ತಿರುಗಿಸಿದರೆ ಅಂಚು ಪುಡಿಯಾಗಿ ಸೀರೆ ತುಂಬ ಉದುರುತ್ತಿತ್ತು. ಸೀನಿ ಸೀನಿ ಮೂಗು ಕೆಂಪಾಯಿತು. ಕೊನೆಗೆ ಆರು ಕ್ರಯಪತ್ರ ಸಿಕ್ಕವು. ಆರೂ ಹೆಚ್ಚುಕಡಿಮೆ ಅಷ್ಟೇ ಅಳತೆಯ ಮನೆಗಳು. ಬೆಲೆ ನೋಡಿದೆ. ಎರಡು, ಎರಡೂಕಾಲು. ಕೈ ಬಿಚ್ಚಿ ಹಾಕಿದರೂ ಎರಡೂವರೆ ಲಕ್ಷ. ಎಪ್ಪತ್ತು ಪೈಸೆಯ ಲೆಕ್ಕದಲ್ಲಿ ವಾಪಸ್ಸು ಬರುವುದು ಒಂದು ಲಕ್ಷದ ಎಪ್ಪತ್ತೈದು ಸಾವಿರ.

ನಕಲುಗಳನ್ನು ತೆಗೆದುಕೊಂಡು ಹೋಗಿ ತೋರಿಸಿದೆ. ಪುಟ್ಟಮ್ಮನವರು ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಓದಿದರು. ಓದುತ್ತ ಓದುತ್ತ ಮುಖ ಕೆಂಪಾಯಿತು.

"ಶುದ್ಧ ಸುಳ್ಳು! ಈ ಮನೆ ಹೋಗಿದ್ದು ನಾಲ್ಕೂಮುಕ್ಕಾಲಿಗೆ. ಗೃಹಪ್ರವೇಶದ ಊಟಕ್ಕೆ ಹೋಗಿದ್ನಲ್ಲ, ಆಯಮ್ಮನೇ ನನ್ನ ಕಿವೀಲಿ ಹೇಳಿದ್ರು. ಇದು ಐದು. ಇದರ ಮಾತುಕತೆ ನಮ್ಮ ಜಗಲಿ ಮೇಲೇ ಆಗಿದ್ದು! ಕಾಫಿ ಕೊಟ್ಟಿದ್ದು ನಾನು!"

"ಪತ್ರದಲ್ಲಿ ಅರ್ಧ ಬರೆಸ್ತಾರೆ, ಮಿಕ್ಕಿದ್ದು ಕೈಗೆ," ಅಂದೆ. "ಸ್ಟಾಂಪಿನ ಖರ್ಚು ಉಳಿಯತ್ತೆ ಅಂತ."

"ಅದು ಬೀದಿಗೆಲ್ಲ ಗೊತ್ತು ಕಣ್ರೀ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?"

ಸಂಜೆ ಯಜಮಾನರಿಗೆ ಈ ಮಾತು ಹೇಳಿದರೆ ಅವರು ನಶ್ಯ ಏರಿಸಿಕೊಂಡು ನಕ್ಕರು. "ಇನ್‌ಕಮ್ ಟ್ಯಾಕ್ಸಿನವರಿಗೆ ಅಂಗೈ ಕಾಣಲ್ಲಮ್ಮಾ. ಕನ್ನಡೀನೇ ಬೇಕು."

ಬಿಲ್ಡರ್ ಅತ್ತಿಗೆಗೂ ಹೇಳಿದ್ದ, ಹದಿನೆಂಟು ಪತ್ರದಲ್ಲಿ, ಹನ್ನೆರಡು ಕೈಗೆ ಅಂತ. "ಕಳ್ಳತನದ ದುಡ್ಡಲ್ಲಿ ಮಕ್ಕಳ ಶಾಲೆ ಕಟ್ಟಲ್ಲ" ಅಂತ ಅತ್ತಿಗೆ ಅವನನ್ನು ಗದರಿ, ಪೂರ್ತಿ ಬರೆಸಲು ಒಪ್ಪಿಸಿದ್ದರು. ಪೂರ್ತಿ ಬೆಲೆ ಬರೆಸುವುದಕ್ಕೆ ಪೂರ್ತಿ ತೆರಿಗೆ. ಅಕ್ಕಪಕ್ಕದವರು ಹದಿನೇಳು ಹದಿನೆಂಟು ವರ್ಷದ ಹಿಂದೆ ಉಳಿಸಿಕೊಂಡ ಸ್ಟಾಂಪಿನ ದುಡ್ಡಿಗೆ ಈಗ ಈ ಹೆಂಗಸು ದಂಡ ಕಟ್ಟಬೇಕು. ಯಾವ ನ್ಯಾಯ ಇದು?

ಆ ವಾರ ಶಿಶುವಿಹಾರಕ್ಕೆ ಮತ್ತೆ ಹೋದೆ. ಮಕ್ಕಳು ಮನೆಗೆ ಹೋಗಿದ್ದವು. ಅತ್ತಿಗೆ ಕುರ್ಚಿಯ ಮೇಲೆ ನಿಂತು ಸೀರೆಗಳಲ್ಲಿ ಬಿದ್ದಿದ್ದ ಗಾರೆಯನ್ನು ಬುಟ್ಟಿಗೆ ತುಂಬುತ್ತಿದ್ದರು. ನಾನು, ಪುಟ್ಟಮ್ಮನವರು ಮಕ್ಕಳ ಚಾಪೆಯ ಮೇಲೆ ಕೂತು ರಸ್ತೆಯ ಈ ತುದಿಯಿಂದ ಮನೆಮನೆಯನ್ನೂ ಜ್ಞಾಪಿಸಿಕೊಂಡೆವು. ಕೋರ್ಟಿನಲ್ಲಿ ಹರಾಜಾದದ್ದು ಇದೆಯಾ? ಬ್ಯಾಂಕು ಮಾರಿದ್ದು? ಎಲ್ಲಕ್ಕೂ ಇಲ್ಲ.

"ಒಬ್ಬರಾದ್ರೂ ಪೂರ್ತಿ ಬರೆಸಿಲ್ವಾ ನಿಮ್ಮ ಬೀದೀಲಿ?" ಅಂತ ರೇಗಿದೆ.

"ಪೂರ್ತಿ ಬರೆಸಿದ ಪೆದ್ದ ಅಂದ್ರೆ ಒಬ್ರೇ. ನಮ್ಮ ಹರಿಶ್ಚಂದ್ರ ಡಾಕ್ಟ್ರು," ಅಂದು ಪುಟ್ಟಮ್ಮನವರು ನಗತೊಡಗಿದರು. ನಗು ಅರ್ಧಕ್ಕೇ ನಿಂತಿತು. ಮೇಲೆ ಅತ್ತಿಗೆಯ ಕೈಯೂ ನಿಂತಿತು. ಮೂವರೂ ಒಬ್ಬರನ್ನೊಬ್ಬರು ನೋಡಿದೆವು.

ಅವರು ಹೋಮಿಯೋಪತಿ ಡಾಕ್ಟರು. ಅತ್ತಿಗೆಯ ಸೈಟಿನಷ್ಟೇ ಅಳತೆಯ ಮೂಲೆಯ ಸೈಟಿನಲ್ಲಿ ಅರ್ಧ ಭಾಗ ಅವರದು. ಮನೆಯ ಬಾಗಿಲು ಅಡ್ಡರಸ್ತೆಗೆ ಇದ್ದದ್ದರಿಂದ ಪತ್ರವೂ ಅಡ್ಡರಸ್ತೆಯ ಹೆಸರಿನಲ್ಲಿ ರಿಜಿಸ್ಟರ್ ಆಗಿತ್ತು. ನನ್ನ ಕಣ್ಣಿಗೆ ಬೀಳದೆ ಹೋದದ್ದು ಅದಕ್ಕೆ. ತಮಾಷೆ ಅಂದರೆ, ಕೆಮ್ಮು ಹೆಚ್ಚಾದಾಗ ನಾನೇ ಅವರ ಹತ್ತಿರ ಎರಡು ಸಲ ಗುಳಿಗೆ ತೆಗೆದುಕೊಂಡಿದ್ದೆ. ಅವರ ತಲೆಯ ಹಿಂದೆ ಗೋಡೆಯಲ್ಲಿ ಚೌಕಟ್ಟು ಹಾಕಿದ್ದ ಒಂದು ಕಾಗದ ಇರುತ್ತಿತ್ತು. ಡಿಗ್ರಿ ಅಂದುಕೊಂಡಿದ್ದೆ. ಈಗ ಹತ್ತಿರ ಹೋಗಿ ನೋಡಿದರೆ ಅದು ಸ್ಟಾಂಪು ಪೇಪರ್! ಮನೆಯ ಕ್ರಯಪತ್ರದ ಮೊದಲನೆಯ ಹಾಳೆಯ ನಕಲು. ಎಂಬತ್ತೊಂದನೇ ಇಸವಿ. ಬೆಲೆ ಎರಡು ಲಕ್ಷದ ನಲವತ್ತು ಸಾವಿರ. ಅರ್ಧ ಸೈಟಿಗೆ!

"ಡಿಗ್ರಿ ಎಲ್ಲಿ ಡಾಕ್ಟ್ರೇ?" ಅಂದೆ.

"ಪೆಟ್ಟಿಗೇಲಿದೆ. ಅದು ಎಲ್ಲಾ ಡಾಕ್ಟ್ರ ಹತ್ರಾನೂ ಇರತ್ತೆ," ಅಂದರು ಅವರು.

ಮನೆ ಮಾರಿದವರು ಅರ್ಧ ಬರೆಯಿರಿ ಸ್ವಾಮಿ ಅಂತ ಅಂಗಲಾಚಿದ್ದರಂತೆ. ಇವರು ಒಪ್ಪದೆ, ಅವರಿಗೆ ಆಗುವ ಹೆಚ್ಚಿನ ತೆರಿಗೆಯನ್ನೂ ತಾವೇ ಕೊಟ್ಟು, ಪೂರ್ತಿ ಬೆಲೆಯನ್ನು ಬ್ಯಾಂಕಿನ ಡಿ.ಡಿ.ಯಲ್ಲೇ ಕಟ್ಟಿ ಪತ್ರ ಮಾಡಿಸಿಕೊಂಡರು. ಬೀದಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಹೆಂಡತಿ ಎರಡು ತಿಂಗಳು ಮಾತು ಬಿಟ್ಟರು.

"ಯಾಕೆ ಹಾಗೆ ಮಾಡಿದ್ರಿ?" ಅಂತ ಕೇಳಿದೆ.

"ರೋಗಿ ನನ್ನ ಹತ್ರ ಸುಳ್ಳು ಹೇಳಿದ್ರೆ ಔಷಧಿ ಹಿಡಿಯಲ್ಲಮ್ಮ. ಸುಳ್ಳು ಪತ್ರ ಮಾಡಿಸಿದ ಮನೇಲಿ ಕೂತು ನಾನು ಅವರಿಗೆ ನಿಜ ಹೇಳಿ ಅಂತ ಹೇಗೆ ಹೇಳ್ಲಿ?"

ಡಾಕ್ಟರ ಪತ್ರದ ಪ್ರಕಾರ ಪೂರ್ತಿ ಸೈಟಿಗೆ ನಾಲ್ಕು ಲಕ್ಷದ ಎಂಬತ್ತು ಸಾವಿರ. ಅತ್ತಿಗೆಯ ಕಟ್ಟಡ ಆ ಕಾಲಕ್ಕೆ ಇನ್ನೂ ಗಟ್ಟಿಯಾಗಿತ್ತು. ಐದು ಲಕ್ಷ ಅನ್ನಬಹುದು. ಮೌಲ್ಯಮಾಪಕ ಎಂಜಿನಿಯರೂ ಅಳೆದು ನೋಡಿ ಅಷ್ಟೇ ಬರೆದುಕೊಟ್ಟರು. ವಾಪಸ್ಸು ಮೂರೂವರೆ ಲಕ್ಷ. ನಾನು ಕುಣಿಯುತ್ತ ಕಚೇರಿಗೆ ಬಂದೆ.

ಯಜಮಾನರು ಕುಣಿಯಲಿಲ್ಲ. ಅವರದೊಂದು ಪದ್ಧತಿ ಇತ್ತು. ಚೀಟಿಯ ಮೇಲೆ ಎರಡು ಅಂಕಿ ಬರೆಯುವುದು. ಮೇಲಿನದು ಏನೇ ಆದರೂ ಬರುವಂಥದ್ದು. ಕೆಳಗಿನದು ಅಧಿಕಾರಿ ಒಪ್ಪಿದರೆ ಬರುವಂಥದ್ದು. "ಮೇಲಿನದನ್ನ ಅವರಿಗೆ ಹೇಳು. ಕೆಳಗಿನದನ್ನ ದೇವರಿಗೆ ಬಿಡು" ಅನ್ನುತ್ತಿದ್ದರು. ಕಕ್ಷಿದಾರರು ಬರಿಯ ಆಸೆಯನ್ನು ನಂಬಿ ಸಾಲ ಮಾಡಿ ಹಾಳಾದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಆವತ್ತು ಚೀಟಿಯ ಮೇಲೆ ಒಂದೂಮುಕ್ಕಾಲು ಅಂತ ಬರೆದು, ಕೆಳಗೆ ಮೂರೂವರೆ ಅಂತ ಬರೆದು, ಮಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು. ಅತ್ತಿಗೆಗೆ ಒಂದೂಮುಕ್ಕಾಲು ಅಂದರು.

ಅತ್ತಿಗೆ ಚೀಲ ಎತ್ತಿಕೊಂಡು ಎದ್ದರು. ಅಕ್ಕಿಪೇಟೆಯವರ ಒಪ್ಪಂದಕ್ಕೆ ಸಹಿ ಹಾಕುವ ದಿನ ಮಾರನೆಯ ದಿನ. ಮೆಟ್ಟಿಲಿಳಿಯುವಾಗ ಪುಟ್ಟಮ್ಮನವರು, "ಹೋಗ್ಲಿ ಬಿಡಿ ಅತ್ತಿಗೆ. ಶಿಶುವಿಹಾರ ಮುಚ್ಬಿಡ್ತೀನಿ. ನಂಗೊಬ್ಬಳಿಗೆ ಒಂದು ರೂಮು ಸಾಕು," ಅನ್ನುತ್ತಿದ್ದದ್ದು ಕೇಳಿಸಿತು. ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಕೆಳಗಿನ ಹಪ್ಪಳದ ಅಂಗಡಿಯ ಮುಂದೆ ಅವರನ್ನು ನಿಲ್ಲಿಸಿದೆ.

"ಅತ್ತಿಗೆ, ಅಂಕಿ ಎರಡಿದೆ. ಅವರು ಒಂದೇ ಹೇಳಿದ್ದು," ಅಂದೆ. ಎರಡನ್ನೂ ಹೇಳಿದೆ. ಆರು ಪತ್ರ ಒಂದು ಕಡೆ, ಒಂದು ಪತ್ರ ಒಂದು ಕಡೆ, ಅಧಿಕಾರಿ ಒಪ್ಪದೆಯೂ ಇರಬಹುದು ಅಂತಲೂ ಬಿಡಿಸಿ ಹೇಳಿದೆ.

ಅವರು ನನ್ನನ್ನೇ ನೋಡಿದರು. "ನಾನು ನಿನ್ನ ಅಕ್ಕನೋ ತಂಗಿಯೋ ಆಗಿದ್ರೆ ಏನು ಹೇಳ್ತಿದ್ದೆ?"

"ಸಹಿ ಹಾಕು ಅಂತಿದ್ದೆ. ಆ ಒಂದು ಪತ್ರ ನಿಜ. ನಿಜಾನ ತೋರಿಸೋ ಕೆಲಸ ನಂದು."

ಅತ್ತಿಗೆ ಸಹಿ ಹಾಕಿದರು. ಸುದ್ದಿ ಯಜಮಾನರಿಗೆ ಮುಟ್ಟಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನು ಆ ಫೈಲು ನಿಂದೇ ಕಣಮ್ಮಾ," ಅಂದು ನನ್ನ ಮೇಜಿಗೆ ತಳ್ಳಿದರು. ವಾರವಿಡೀ ಕಾಫಿಗೆ ಕರೆಯಲಿಲ್ಲ.

ಮಾರಾಟ ಆಯಿತು. ಬಿಲ್ಡರ್ ತೆರಿಗೆ ಕಟ್ಟಿ ಚಲನ್ ಕೊಟ್ಟ. ಜೂನಿಗೆ ಹನುಮಂತನಗರದ ಅಂಗಳದಲ್ಲಿ ಶಿಶುವಿಹಾರ ಶುರುವಾಯಿತು. ಮೊದಲ ದಿನ ಒಂದು ಮಗು ಒಳಗೆ ಬಂದದ್ದೇ ಮೇಲೆ ನೋಡಿ, "ಮಿಸ್, ಸೀರೆ ಎಲ್ಲಿ?" ಅಂತ ಕೇಳಿತಂತೆ. ಅತ್ತಿಗೆ ಅದನ್ನು ಹೇಳಿ ಹೇಳಿ ನಕ್ಕರು, ಜರ್ಮನಿಗೆ ಹೊರಡುವ ದಿನವೂ. ಅವರು ಹೋದ ಮೇಲೆ ಕಚೇರಿ ಬಿಕೋ ಅನ್ನುತ್ತಿತ್ತು. ಊಟ ಆಯಿತೋ ಇಲ್ಲವೋ ಅಂತ ಕೇಳುವವರಿರಲಿಲ್ಲ. ತಿಂಗಳಿಗೊಂದು ಸಲ ಫೋನು ಬರುತ್ತಿತ್ತು. ರೀಫಂಡಿನ ವಿಷಯ ಕೊನೆಗೆ ಕೇಳುತ್ತಿದ್ದರು. ಮೊದಲು ನನ್ನ ಕೆಮ್ಮು.

ರಿಟರ್ನ್ ಹಾಕಿ ತಿಂಗಳುಗಳು ಕಳೆದವು. ದೀಪಾವಳಿಯ ಹೊತ್ತಿಗೆ ನೋಟೀಸು ಬಂತು. ಹೋದರೆ ಅಧಿಕಾರಿಯ ಮೇಜಿನ ಮೇಲೆ ಅವೇ ಆರು ಪತ್ರ! ಅವರ ಇನ್‌ಸ್ಪೆಕ್ಟರ್ ನಾನು ಹುಡುಕಿದ ಸೂಚಿಯಲ್ಲೇ ಹುಡುಕಿದ್ದ. ಅಧಿಕಾರಿ ನಲವತ್ತರ ಆಸುಪಾಸಿನವರು, ಹೆಚ್ಚು ಮಾತಿಲ್ಲ. "ಆರು ಜನ ಒಂದು ಹೇಳ್ತಾರೆ, ನೀವೊಬ್ರು ಒಂದು ಹೇಳ್ತೀರಿ. ನಾನು ಯಾವುದನ್ನ ತಗೊಳ್ಲಿ? ಸಂಕ್ರಾಂತಿ ಆದ್ಮೇಲೆ ಬನ್ನಿ. ನಿಮ್ಮದಕ್ಕೆ ಆಧಾರ ತನ್ನಿ," ಅಂದರು.

ಆಧಾರ ಏನು ಬಂತು? ಆ ಆರೂ ಸುಳ್ಳು ಅಂತ ಹೇಳಿಬಿಟ್ಟರೆ ಮುಗಿಯಿತಲ್ಲ! ಪುಟ್ಟಮ್ಮನವರ ಹತ್ತಿರ ಓಡಿದೆ. ಯಾರು ಎಷ್ಟು ಕೊಟ್ಟಿದ್ದರು ಅನ್ನುವುದನ್ನು ಅವರು ಅಧಿಕಾರಿಯ ಮುಂದೆ ಹೇಳಬೇಕು ಅಂದೆ. ಅವರು ಕೈಯಲ್ಲಿದ್ದ ಮಗುವನ್ನು ಕೆಳಗಿಳಿಸಿದರು.

"ಇದು ಯಾರ ಮೊಮ್ಮಗು ಗೊತ್ತಾ? ನಿಮ್ಮ ಎರಡನೇ ಪತ್ರದವರದ್ದು. ಆ ಜೋಕಾಲಿ ಕೊಡ್ಸಿದ್ದು ಐದನೇ ಪತ್ರದವರು. ಮನೆ ಖಾಲಿ ಮಾಡೋವಾಗ ಸಾಮಾನು ಹೊತ್ತಿದ್ದು ಅವರ ಮಗ. ಅವರ ಮೇಲೆ ನಾನು ಚಾಡಿ ಹೇಳ್ಬೇಕಾ? ಮನೆ ಹೋದ್ರೆ ಹೋಗ್ಲಿ ರೀ. ನನ್ನಿಂದ ಆಗಲ್ಲ."

"ಯುಗಾದಿಗೆ ಎಷ್ಟು ದಿನ ಇದೆ ಗೊತ್ತಾ ನಿಮ್ಗೆ?" ಅಂತ ಕೂಗಾಡಿದೆ. ಅವರು ಸುಮ್ಮನೆ ಅತ್ತರು. ನಾನು ದಡಬಡ ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತೆ. ಕೋಪ ಇಳಿದ ಮೇಲೆ ನನಗೂ ಅಳು ಬಂತು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಅತ್ತಿಗೆ ಸಂಕ್ರಾಂತಿಗೆ ಬಂದರು. ಎಳ್ಳುಬೆಲ್ಲ ಹಂಚಲು ಹೋದವರು ಡಾಕ್ಟರ ಮನೆಗೂ ಹೋದರು. ವಿಚಾರಣೆಯ ದಿನ ನಾನು ತೆರಿಗೆ ಕಚೇರಿಯ ಬಾಗಿಲಿಗೆ ಹೋದರೆ ಅಲ್ಲಿ ಅತ್ತಿಗೆ, ಪುಟ್ಟಮ್ಮನವರು, ಅವರ ಪಕ್ಕದಲ್ಲಿ ಕಚ್ಚೆಪಂಚೆ, ಕೋಟು ಹಾಕಿಕೊಂಡ ಡಾಕ್ಟರು. ಡಾಕ್ಟರ ಕಂಕುಳಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಏನೋ ಇತ್ತು. ಬಿಚ್ಚಿದರೆ ಗೋಡೆಯ ಮೇಲಿದ್ದ ಆ ಚೌಕಟ್ಟು, ಮೊಳೆ ಹಗ್ಗದ ಸಮೇತ.

ಅಧಿಕಾರಿ ಚೌಕಟ್ಟನ್ನು ನೋಡಿದರು, ಡಾಕ್ಟರನ್ನು ನೋಡಿದರು. "ಹಾಗಾದ್ರೆ ಆ ಆರು ಪತ್ರ ಸುಳ್ಳು ಅಂತೀರಾ?"

ನಾನು ಬಾಯಿ ತೆರೆದೆ. ಪುಟ್ಟಮ್ಮನವರು ನನ್ನ ಸೆರಗು ಜಗ್ಗಿದರು. ಡಾಕ್ಟರು ಹೇಳಿದರು: "ಬೇರೆಯವರ ಮನೆ ವಿಷಯ ನಂಗೆ ಬೇಡ ಸಾರ್. ನಾನು ಕೊಟ್ಟಿದ್ದು ಇಷ್ಟು. ಕೊಟ್ಟ ಡಿ.ಡಿ.ಗೆ ಬ್ಯಾಂಕಿನ ರಸೀತಿ ಇದರ ಬೆನ್ನಿಗೇ ಅಂಟಿಸಿದೀನಿ. ನೋಡಿ."

ಚೌಕಟ್ಟನ್ನು ತಿರುಗಿಸಿದರು. ಹಿಂದೆ, ರಟ್ಟಿನ ಮೇಲೆ, ಹಳದಿಯಾದ ರಸೀತಿ ಇತ್ತು. ನನಗೂ ಅದು ಗೊತ್ತಿರಲಿಲ್ಲ.

ಅಧಿಕಾರಿ ಬಹಳ ಹೊತ್ತು ರಸೀತಿಯನ್ನು ನೋಡಿದರು. ಆಮೇಲೆ ಆರು ಪತ್ರಗಳನ್ನು ಒಂದೊಂದಾಗಿ ತಿರುವಿ ಹಾಕಿದರು. "ಇವುಗಳಲ್ಲಿ ಮಾರಿದವರಿಗೆ ನಗದಾಗಿ ಸಂದಾಯವಾಗಿದೆ ಅಂತಿದೆ. ಯಾವುದಕ್ಕೂ ಹಿಂದೆ ಬ್ಯಾಂಕಿಲ್ಲ. ಇದಕ್ಕಿದೆ," ಅಂದರು. ಆಮೇಲೆ ದನಿ ಇಳಿಸಿ, "ನಾನೂ ವಿಶ್ವೇಶ್ವರಪುರದವನೇ. ನಮ್ಮ ತಂದೆ ಮನೆ ಪತ್ರ ನೋಡಿದೀನಿ," ಅಂದು ಆ ಆರು ಪತ್ರಗಳನ್ನು ಬದಿಗೆ ಸರಿಸಿದರು.

ಅತ್ತಿಗೆ ಅಷ್ಟು ಹೊತ್ತೂ ಅವರ ಮುಖವನ್ನೇ ನೋಡುತ್ತಿದ್ದವರು, "ನೀನು ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಲ್ವೇನಪ್ಪಾ?" ಅಂದುಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಅಧಿಕಾರಿ ತಲೆ ತಗ್ಗಿಸಿ ನಗು ತಡೆದುಕೊಳ್ಳುತ್ತಿದ್ದರು. ಅತ್ತಿಗೆ ಮುಂದಿಟ್ಟ ಎಳ್ಳುಬೆಲ್ಲದ ಪೊಟ್ಟಣವನ್ನು ಅವರು ಮುಟ್ಟಲಿಲ್ಲ. ಕಚೇರಿಯಲ್ಲಿ ಏನೂ ತೆಗೆದುಕೊಳ್ಳಬಾರದು ಅಮ್ಮ ಅಂದರು. ಅದೂ ಸರಿಯೇ.

ಹಾಗಂತ ಅವರು ಐದು ಲಕ್ಷ ಒಪ್ಪಲಿಲ್ಲ. ಡಾಕ್ಟರದು ಮೂಲೆ ಸೈಟು, ಮೂಲೆಗೆ ಬೆಲೆ ಜಾಸ್ತಿ, ಅಷ್ಟನ್ನು ಕಳೆಯಬೇಕು ಅಂದರು. ನಾನು ವಾದಿಸಿದೆ. ಅವರು ಆದೇಶ ಬರೆದರು: ನಾಲ್ಕೂವರೆ ಲಕ್ಷ. ಮೆಟ್ಟಿಲಿಳಿಯುವಾಗಲೇ ಬಾಯಿಲೆಕ್ಕ ಹಾಕಿದೆ. ಎಪ್ಪತ್ತು ಪೈಸೆಯಂತೆ ಮೂರು ಲಕ್ಷದ ಹದಿನೈದು ಸಾವಿರ. ನನ್ನ ಅಂದಾಜು ಮೂವತ್ತೈದು ಸಾವಿರದಷ್ಟು ತಪ್ಪಿತ್ತು. ಆದರೂ ಸಾಕಾಗಿತ್ತು! ರಸ್ತೆಯಲ್ಲೇ ಅತ್ತಿಗೆಯನ್ನು ತಬ್ಬಿಕೊಂಡೆ.

ರೀಫಂಡಿನ ಚೆಕ್ಕು ಯುಗಾದಿಗೆ ಸ್ವಲ್ಪ ಮುಂಚೆ ಬಂತು. ಯಜಮಾನರೇ ಲಕೋಟೆ ಒಡೆದು ನೋಡಿದರು. ಜೇಬಿನಿಂದ ಆ ಹಳೆಯ ಚೀಟಿ ತೆಗೆದು ನನ್ನ ಮೇಜಿನ ಮೇಲಿಟ್ಟು, "ಕೆಳಗಿನದು ದೇವರಿಗಲ್ಲ, ನಿನಗೇ ಬಿಡಬೇಕಿತ್ತು. ನಡಿ, ಕಾಫಿ ಕುಡಿಯೋಣ," ಅಂದರು.

ರಿಜಿಸ್ಟ್ರೇಷನ್ ದಿನ ಎಲ್ಲರೂ ಸಬ್‌ರಿಜಿಸ್ಟ್ರಾರ್ ಕಚೇರಿಯ ಮರದ ಕೆಳಗೆ ಸೇರಿದ್ದೆವು. ಸಾಕ್ಷಿ ಹಾಕಲು ಡಾಕ್ಟರನ್ನೇ ಕರೆಸಿದ್ದರು. ಪತ್ರ ಬರೆಯುವವನು ಪೆನ್ನು ತೆಗೆದ. ಅಕ್ಕಿಪೇಟೆಯ ಸಾಹುಕಾರರು ಪುಟ್ಟಮ್ಮನವರ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಮ್ಮಾ, ಮೊದಲು ಕೊಟ್ಟ ಹದಿನೇಳನ್ನ ಮಾತ್ರ ಪತ್ರದಲ್ಲಿ ಹಾಕೋಣ. ಈ ಮೂರು ಕೈಗೆ ಕೊಟ್ಬಿಡಿ. ನಿಮಗೇ ಸ್ಟಾಂಪಿನಲ್ಲಿ ಮೂವತ್ತು ಸಾವಿರ ಉಳಿಯತ್ತೆ. ಮಕ್ಕಳಿಗೆ ಬೆಂಚು ಮಾಡಿಸ್ಬೋದು. ಎಲ್ರೂ ಹಂಗೇ ಮಾಡೋದು."

ಬೆಂಚು ಬೇಕಾಗಿತ್ತು. ಮಕ್ಕಳು ಇನ್ನೂ ಚಾಪೆಯ ಮೇಲೇ ಕೂರುತ್ತಿದ್ದವು. ಅತ್ತಿಗೆ ಬಾಯಿ ತೆರೆಯಲಿಲ್ಲ. ನಾನೂ ತೆರೆಯಲಿಲ್ಲ. ಮನೆ ಪುಟ್ಟಮ್ಮನವರದು, ಪತ್ರ ಅವರದು.

ಪುಟ್ಟಮ್ಮನವರು ಪತ್ರ ಬರೆಯುವವನ ಕಡೆ ತಿರುಗಿದರು. "ಇಪ್ಪತ್ತು ಅಂತ ಬರಿಯಪ್ಪಾ. ಅಕ್ಷರದಲ್ಲೂ ಬರಿ. ಮುಂದೆ ಆ ಬೀದೀಲಿ ಯಾರಿಗಾದ್ರೂ ಬೇಕಾಗತ್ತೆ."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪತ್ರ ಸಾಕ್ಷಿಯ ಸಹಿಗೆ ಡಾಕ್ಟರ ಮುಂದೆ ಬಂತು. ಅವರು ಬೆಲೆಯ ಸಾಲನ್ನು ಬೆರಳಿಟ್ಟು ಎರಡು ಸಲ ಓದಿ, ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದರು.

"ಅಂತೂ ಇಷ್ಟು ವರ್ಷಕ್ಕೆ ನಂಗೆ ಜೊತೆ ಸಿಕ್ಕಿತು," ಅಂದರು.